ಅರ್ನ್‌ಸ್ಟ್ ಬ್ಲೊಖ್ ಅವರನ್ನು ನಾಲ್ಕು ಬೈಠಕಿನಲ್ಲಿ ಓದುವ ಬಗೆ: ಕಲಬುರಗಿ ಕಡೆಯ ಓದುಗರ ಬಳಗಗಳಿಗೆ

ಜುಲೈ 8ರಿಂದ ಆಗಸ್ಟ್ 4ರವರೆಗೆ ಎರಡೂ ದಿನ ಸೇರಿಸಿ ಎಣಿಸಿದರೆ 28 ದಿನ. ಯಾವ ವರ್ಷ ಹಿಡಿದರೂ ಅದರಲ್ಲಿ ಸರಿಯಾಗಿ ನಾಲ್ಕು ಭಾನುವಾರ ಬರುತ್ತವೆ. ಜರ್ಮನಿಯ ಮಾರ್ಕ್ಸ್‌ವಾದಿ ತತ್ವಜ್ಞಾನಿ ಅರ್ನ್‌ಸ್ಟ್ ಬ್ಲೊಖ್ ಹುಟ್ಟಿದ್ದು 1885ರ ಜುಲೈ 8ರಂದು, ತೀರಿಕೊಂಡದ್ದು 1977ರ ಆಗಸ್ಟ್ 4ರಂದು. ಅವರ ಬದುಕು, ಬರಹ ಎರಡನ್ನೂ ಒಂದು ಬಳಗ ಕೂತು ಓದಲು ಆ ನಾಲ್ಕು ಭಾನುವಾರ ಸಾಕು. ಮುಂದಿನ ಕ್ರಮವನ್ನು ಅದಕ್ಕೇ ಹೊಂದಿಸಿದೆ.

ನಮ್ಮ ಕಡೆ ಜುಲೈ ಅಂದರೆ ಬಿಸಿಲು ತಗ್ಗಿರುತ್ತದೆ, ಆದರೆ ತೊಗರಿ ಹೊಲದಲ್ಲಿ ಕಳೆ ಕೀಳುವ, ಎಡೆ ಹೊಡೆಯುವ ಕೆಲಸ ಇರುತ್ತದೆ. ಹಳ್ಳಿಯಿಂದ ಬರುವವರು ಇದ್ದರೆ ಬೆಳಗಿನ ಹೊತ್ತು ಇಡಬೇಡಿ. ಸಂಜೆ 5ರಿಂದ 7 ಸರಿ. ಹತ್ತು-ಹನ್ನೆರಡು ಜನ ಸಾಕು. ಇಪ್ಪತ್ತು ದಾಟಿದರೆ ಅದು ಬೈಠಕ್ ಆಗಿ ಉಳಿಯುವುದಿಲ್ಲ, ಭಾಷಣ ಆಗುತ್ತದೆ. ಕರೆಂಟು ನಂಬಿ ಪ್ರೊಜೆಕ್ಟರ್ ತರಬೇಡಿ. ಗೋಡೆ, ಕಾಗದ, ಕರಿಹಲಗೆ ಇದ್ದರೆ ಆಯಿತು.

ಮೊದಲು ಹೆಸರು ಸರಿಮಾಡಿಕೊಳ್ಳಿ

ಹೆಸರಿನ ಕೊನೆಯ ಅಕ್ಷರ 'ಕ್' ಅಲ್ಲ. ಖ್ವಾಜಾ ಬಂದೇನವಾಜ್ ಎನ್ನುವಾಗ ಉರ್ದು ಬಲ್ಲವರ ಗಂಟಲಿನಿಂದ ಬರುವ ಆ 'ಖ' ಇದೆಯಲ್ಲ, ಅದೇ. ಕಲಬುರಗಿಯಲ್ಲಿ ಅದನ್ನು ಹೇಳಿಕೊಡುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಬ್ಲಾಕ್ ಎಂದು ಬರೆದರೆ ನೋಟಿಸ್ ಓದಿದವರು ತಾಲೂಕು ಬ್ಲಾಕ್ ಎಂದುಕೊಳ್ಳುತ್ತಾರೆ.

ಹೆಸರಿನ ಗೊಂದಲ ಇನ್ನೂ ಎರಡಿದೆ. ಅಂತರಜಾಲದಲ್ಲಿ ಫೋಟೋ ಹುಡುಕಿದರೆ ಅರ್ನೆಸ್ಟ್ ಬ್ಲೊಖ್ ಎಂಬ ಸಂಗೀತಗಾರನ ಮುಖ ಮುಂದೆ ಬರುತ್ತದೆ. ಆತ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವನು (1880–1959). ಇಂಗ್ಲಿಷಿನಲ್ಲಿ ಬರೆಯುವಾಗ ಅವನ ಮೊದಲ ಹೆಸರಿನಲ್ಲಿ ಒಂದು 'ಇ' ಅಕ್ಷರ ಹೆಚ್ಚಿಗೆ ಇರುತ್ತದೆ. ಇನ್ನೊಬ್ಬರು ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲೊಕ್, 1944ರಲ್ಲಿ ನಾಜಿಗಳ ಗುಂಡಿಗೆ ಬಲಿಯಾದವರು. ಪೋಸ್ಟರಿಗೆ ಫೋಟೋ ಹಾಕುವ ಮುಂಚೆ ಹುಟ್ಟಿದ ವರ್ಷ 1885 ಇದೆಯೇ ನೋಡಿ.

ಗೋಡೆಯ ಪಟ್ಟಿ

ಬ್ಲೊಖ್ 92 ವರ್ಷ ಬದುಕಿದರು. ಐದಾರು ಊರು, ನಾಲ್ಕು ರಾಜ್ಯವ್ಯವಸ್ಥೆ, ಎರಡು ಮಹಾಯುದ್ಧ. ಬಾಯಲ್ಲಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಂದು ಉದ್ದನೆಯ ಕಾಗದದ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ನಾಲ್ಕೂ ವಾರ ಅದು ಅಲ್ಲೇ ಇರಲಿ.

ಲೆಕ್ಕ ಹೀಗೆ: ವರ್ಷಕ್ಕೆ 5 ಸೆಂ.ಮೀ. ಅಂದರೆ 92 ವರ್ಷಕ್ಕೆ 460 ಸೆಂ.ಮೀ. ಸ್ಟೇಷನರಿ ಅಂಗಡಿಯ ಚಾರ್ಟ್ ಶೀಟು ಸುಮಾರು 70 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲ. ನಾಲ್ಕು ಶೀಟು ತಂದು ಉದ್ದಕ್ಕೆ ಎರಡಾಗಿ ಸೀಳಿದರೆ 28 ಸೆಂ.ಮೀ. ಅಗಲದ ಎಂಟು ತುಂಡು. ಏಳು ತುಂಡನ್ನು ಒಂದರ ಅಂಚು ಇನ್ನೊಂದರ ಮೇಲೆ 2 ಸೆಂ.ಮೀ. ಬರುವಂತೆ ಕೂರಿಸಿ ಅಂಟಿಸಿದರೆ 478 ಸೆಂ.ಮೀ. ಆಗುತ್ತದೆ. ಎಡಗಡೆ 18 ಸೆಂ.ಮೀ. ಹೆಸರಿಗೆ ಬಿಡಿ, ಅಲ್ಲಿಂದ 1885 ಶುರು. ಎಂಟನೆಯ ತುಂಡು ತಪ್ಪು ತಿದ್ದಲು ಇರಲಿ. ಮಳೆಗಾಲದ ತೇವಕ್ಕೆ ಸೆಲ್ಲೋ ಟೇಪು ಬಿಚ್ಚಿಕೊಳ್ಳುತ್ತದೆ. ಹಿಂಬದಿಗೆ ಮೈದಾ ಅಂಟು ಹಚ್ಚಿ ಹಳೇ ಪೇಪರಿನ ತುಂಡು ಕೂರಿಸಿದರೆ ನಾಲ್ಕು ವಾರ ತಡೆಯುತ್ತದೆ.

ಗುರುತು ಹಾಕಬೇಕಾದ ಜಾಗಗಳು ಇವು. 165 ಸೆಂ.ಮೀ.ಗೆ 1918, ಮೊದಲ ದೊಡ್ಡ ಪುಸ್ತಕ 'ಯುಟೋಪಿಯಾದ ಚೇತನ' (ಯುಟೋಪಿಯಾ ಅಂದರೆ ಎಲ್ಲೂ ಇಲ್ಲದ ಒಳ್ಳೆಯ ಲೋಕದ ಕನಸು). 240ಕ್ಕೆ 1933, ದೇಶ ಬಿಟ್ಟದ್ದು. 265ಕ್ಕೆ 1938, ಅಮೆರಿಕ. 320ಕ್ಕೆ 1949, ಪೂರ್ವ ಜರ್ಮನಿಯ ಲೈಪ್ಸಿಗ್. 360ಕ್ಕೆ 1957, ಕಡ್ಡಾಯ ನಿವೃತ್ತಿ. 380ಕ್ಕೆ 1961, ಪಶ್ಚಿಮ ಜರ್ಮನಿಯ ಟ್ಯೂಬಿಂಗೆನ್. 460ಕ್ಕೆ ಕೊನೆ.

ಈಗ ಬಳಗದವರಲ್ಲಿ ಒಬ್ಬರನ್ನು ಎಬ್ಬಿಸಿ, ಬ್ಲೊಖ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿ. ಬೆರಳು 320ರ ತನಕ ನಡೆಯಬೇಕು. ಆಗ ಅವರ ವಯಸ್ಸು 64. ನಮ್ಮಲ್ಲಿ ಪ್ರೊಫೆಸರುಗಳು ನಿವೃತ್ತರಾಗುವ ವಯಸ್ಸಿನಲ್ಲಿ ಅವರಿಗೆ ಮೊದಲ ಕುರ್ಚಿ ಸಿಕ್ಕಿತು. ಅಲ್ಲಿ ಪಾಠ ಹೇಳಲು ಸಿಕ್ಕ ಪಟ್ಟಿಯ ಉದ್ದ ಬರೀ 40 ಸೆಂ.ಮೀ. ಭರವಸೆ ಕುರಿತು ಬರೆದವರ ಬದುಕಿನಲ್ಲಿ ಕಾಯುವಿಕೆಯ ಪಾಲು ಎಷ್ಟಿತ್ತು ಎನ್ನುವುದು ಈ ಪಟ್ಟಿಯ ಮುಂದೆ ನಿಂತರೆ ಗೊತ್ತಾಗುತ್ತದೆ. ಎಷ್ಟೇ ಪುಟದ ಪರಿಚಯ ಲೇಖನವೂ ಅದನ್ನು ಇಷ್ಟು ಬೇಗ ತಿಳಿಸಲಾರದು.

ಮೊದಲ ಭಾನುವಾರ: 1885ರಿಂದ 1933

ಹುಟ್ಟಿದ ಊರು ರೈನ್ ನದಿಯ ದಂಡೆಯ ಲುಡ್ವಿಗ್ಸ್‌ಹಾಫೆನ್. ತಂದೆ ರೈಲ್ವೆ ನೌಕರರು, ಯಹೂದಿ ಮನೆತನ. ಊರು ಹೊಸದು, ರಾಸಾಯನಿಕ ಕಾರ್ಖಾನೆ, ಹೊಗೆ, ಕೂಲಿಕಾರರು. ನದಿಯ ಆಚೆ ದಂಡೆಗೆ ಮಾನ್‌ಹೈಮ್: ಅರಮನೆ, ರಂಗಮಂದಿರ, ಹಳೆಯ ಗ್ರಂಥಾಲಯ. ಈಚೆ ದಂಡೆಯ ಹುಡುಗ ಆಚೆ ದಂಡೆಯ ಗ್ರಂಥಾಲಯಕ್ಕೆ ಹೋಗಿ ಜರ್ಮನ್ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಅವರನ್ನು ಓದಿದ. ಇದನ್ನು ವಿವರಿಸಲು ಯುರೋಪಿನ ನಕ್ಷೆಗಿಂತ ನಮ್ಮ ವಾಡಿ, ಶಹಾಬಾದ್ ಹೆಚ್ಚು ನೆರವಾಗುತ್ತವೆ. ರೈಲು ಜಂಕ್ಷನ್, ಸಿಮೆಂಟಿನ ಧೂಳು, ಬೇರೆ ಬೇರೆ ಸೀಮೆಯಿಂದ ಬಂದ ಕಾರ್ಮಿಕರ ಕಾಲೊನಿ, ಮತ್ತು ಅಲ್ಲಿಂದ ಸ್ವಲ್ಪ ದೂರದಲ್ಲೇ ಗುಂಬಜು, ಕೋಟೆಗಳ ಹಳೆಯ ಪಟ್ಟಣ. ಈ ಎರಡು ಕಾಲ ಅಕ್ಕಪಕ್ಕ ಇರುವುದನ್ನು ನೋಡುತ್ತ ಬೆಳೆದವರೇ ಬಳಗದಲ್ಲಿ ಇರುತ್ತಾರೆ. ಒಂದೇ ಕ್ಷಣದಲ್ಲಿ ಎಲ್ಲರೂ ಒಂದೇ ಕಾಲದಲ್ಲಿ ಬದುಕುತ್ತಿಲ್ಲ ಎಂಬ ವಿಚಾರವನ್ನು ಬ್ಲೊಖ್ 1935ರ 'ಈ ಕಾಲದ ಪಿತ್ರಾರ್ಜಿತ' ಎಂಬ ಪುಸ್ತಕದಲ್ಲಿ ಬೆಳೆಸಿದರು. ಹಿಟ್ಲರ್ ರೈತರನ್ನೂ ಸಣ್ಣ ನೌಕರರನ್ನೂ ಹೇಗೆ ಸೆಳೆದ ಎನ್ನುವುದಕ್ಕೆ ಅವರು ಕೊಟ್ಟ ಉತ್ತರ ಅದು: ಹಳೆಯ ಕಾಲದ ತೀರದ ಹಂಬಲಗಳನ್ನು ಎಡಪಂಥೀಯರು ಮೂಢನಂಬಿಕೆ ಎಂದು ಬಿಟ್ಟುಕೊಟ್ಟರು, ನಾಜಿಗಳು ಎತ್ತಿಕೊಂಡರು.

ಓದಿನ ದಾರಿಯನ್ನು ಬೇಗ ಹೇಳಿ ಮುಗಿಸಬಹುದು. ಮ್ಯೂನಿಕ್, ಆಮೇಲೆ ವ್ಯುರ್ಟ್ಸ್‌ಬುರ್ಗ್. 1908ರಲ್ಲಿ ರಿಕೆರ್ಟ್ ಎಂಬ ತತ್ವಜ್ಞಾನಿಯ ಮೇಲೆ ಡಾಕ್ಟರೇಟ್. ಬರ್ಲಿನಿನಲ್ಲಿ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಸಿಮ್ಮೆಲ್ ಅವರ ಬಳಗ. ಹೈಡೆಲ್‌ಬರ್ಗ್‌ನಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರ ಬಳಗ. ಹಂಗೇರಿಯ ತತ್ವಜ್ಞಾನಿ ಲುಕಾಚ್ ಜೊತೆ ಗೆಳೆತನ ಎಷ್ಟು ಗಾಢವಾಗಿತ್ತೆಂದರೆ, ಇಬ್ಬರಿಗೂ ಎಲ್ಲದರಲ್ಲೂ ಒಮ್ಮತವಾಗಿ, ಭಿನ್ನಾಭಿಪ್ರಾಯಗಳು ನಶಿಸಿಹೋಗದಂತೆ ಅವಕ್ಕೊಂದು 'ರಕ್ಷಿತಾರಣ್ಯ' ಬೇಕೆಂದು ಮಾತಾಡಿಕೊಂಡಿದ್ದರು. ಮುಂದೆ 1930ರ ದಶಕದಲ್ಲಿ ಕಲೆಯ ವಿಚಾರವಾಗಿ ಇಬ್ಬರೂ ಬಹಿರಂಗವಾಗಿ ಜಗಳಾಡಿದರು. 1913ರಲ್ಲಿ ರಿಗಾ ಊರಿನ ಶಿಲ್ಪಿ ಎಲ್ಸಾ ಫಾನ್ ಸ್ಟ್ರಿಟ್ಸ್ಕಿ ಜೊತೆ ಮದುವೆ. 1921ರಲ್ಲಿ ಅವರು ತೀರಿಕೊಂಡರು. ಮೊದಲ ಮಹಾಯುದ್ಧವನ್ನು ವಿರೋಧಿಸಿದ ಬ್ಲೊಖ್ 1917ರಿಂದ 1919ರವರೆಗೆ ಸ್ವಿಟ್ಜರ್ಲೆಂಡಿನಲ್ಲಿದ್ದರು.

ಒಂದು ಎಚ್ಚರಿಕೆ. 'ಯುಟೋಪಿಯಾದ ಚೇತನ' ಎರಡು ರೂಪದಲ್ಲಿದೆ, 1918ರದ್ದು ಒಂದು, ತಿದ್ದಿದ 1923ರದ್ದು ಒಂದು. ಇಂಗ್ಲಿಷ್ ಅನುವಾದ ಎರಡನೆಯ ರೂಪದ್ದು. ಒಬ್ಬರು ಇಂಗ್ಲಿಷ್ ಓದಿ, ಇನ್ನೊಬ್ಬರು 1918ರ ಜರ್ಮನ್ ಪ್ರತಿಯ ಬಗ್ಗೆ ಬರೆದ ಲೇಖನ ಓದಿ ಬಂದರೆ, ಇಬ್ಬರೂ ಬೇರೆ ಬೇರೆ ಪುಸ್ತಕದ ಮೇಲೆ ವಾದ ಮಾಡುತ್ತಿರುತ್ತಾರೆ.

ಮೊದಲ ಬೈಠಕಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು 1921ರ ಪುಸ್ತಕಕ್ಕೆ. ಅದು ಥಾಮಸ್ ಮ್ಯುಂಟ್ಸರ್ ಕುರಿತದ್ದು. ಮ್ಯುಂಟ್ಸರ್ ಪಾದ್ರಿ, ದೇವರ ರಾಜ್ಯ ಸತ್ತ ಮೇಲೆ ಅಲ್ಲ, ಇಲ್ಲೇ, ಈ ನೆಲದ ಮೇಲೆ ಬರಬೇಕು ಎಂದು ರೈತರ ಜೊತೆ ನಿಂತವನು. 1525ರ ಮೇ 15ರಂದು ಫ್ರಾಂಕೆನ್‌ಹೌಸೆನ್ ಯುದ್ಧದಲ್ಲಿ ರೈತರು ಸೋತರು. 12 ದಿನದ ಮೇಲೆ ಮ್ಯುಂಟ್ಸರ್ ತಲೆ ಕಡಿದರು. ಇದನ್ನು ಓದುವಾಗ ಬಸವಕಲ್ಯಾಣದ ಮಾತು ಬಂದೇ ಬರುತ್ತದೆ: ಅನುಭವ ಮಂಟಪ, ಹರಳಯ್ಯ-ಮಧುವರಸರ ಮಕ್ಕಳ ಮದುವೆ, ಆಮೇಲೆ ಎಳೆಹೂಟೆ, ಶರಣರು ಚದುರಿದ್ದು. ಬರಲಿ, ತಡೆಯಬೇಡಿ. ಆದರೆ ಎರಡೂ ಒಂದೇ ಎಂದು ತೀರ್ಮಾನಿಸಿ ಎದ್ದುಹೋಗಲು ಬಿಡಬೇಡಿ. ಮ್ಯುಂಟ್ಸರ್ ಲೋಕದ ಅಂತ್ಯ ಬಂತೆಂದು ನಂಬಿದವನು. ಶರಣರು ಕಾಯಕ, ದಾಸೋಹದಲ್ಲಿ ದಿನದಿನದ ಬದುಕನ್ನೇ ಬೇರೆ ಮಾಡಲು ಹೊರಟವರು. ಹಲಗೆಯ ಮೇಲೆ ಗೆರೆ ಎಳೆದು ಎಡಕ್ಕೊಂದು, ಬಲಕ್ಕೊಂದು ಬರೆಸಿದರೆ ಹೋಲಿಕೆಗಿಂತ ವ್ಯತ್ಯಾಸ ಹೆಚ್ಚು ಕಲಿಸುತ್ತದೆ.

ಯಾದಗಿರಿ ಜಿಲ್ಲೆಯವರಿದ್ದರೆ ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ಮಾತು ತೆಗೆಯುತ್ತಾರೆ. ಶರಣರು ಮರಳಿ ಬರುತ್ತಾರೆ, ಕಲ್ಯಾಣ ಮತ್ತೆ ಆಗುತ್ತದೆ ಎಂಬ ನಂಬಿಕೆ ಆ ಸೀಮೆಯಲ್ಲಿ ಜೀವಂತ. ಬ್ಲೊಖ್ ಇಂಥದ್ದನ್ನು ಕೇಳಿದ್ದರೆ ಕಿವಿ ನಿಗುರಿಸುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಜನರ ಇಂಥ ಕಾಯುವಿಕೆಯನ್ನು ಅವರು ಎಂದೂ ಹಗುರ ಮಾಡಿದವರಲ್ಲ. ವ್ಯತ್ಯಾಸ ಒಂದೇ: ಕಾಲಜ್ಞಾನ 'ಬರುತ್ತದೆ' ಎನ್ನುತ್ತದೆ. ಬ್ಲೊಖ್ 'ನಾವು ಕೈಹಾಕಿದರೆ ಬರಬಹುದು, ಬಾರದೆಯೂ ಹೋಗಬಹುದು' ಎನ್ನುತ್ತಾರೆ. ಈ ಒಂದು ಸಾಲನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ನಾಲ್ಕನೆಯ ವಾರ ಬೇಕಾಗುತ್ತದೆ.

ಎರಡನೆಯ ಭಾನುವಾರ: 'ಇನ್ನೂ' ಎಂಬ ಪದ

ಇಡೀ ಕ್ರಮದ ಗಟ್ಟಿಕಾಳು ಇದು. ಬ್ಲೊಖ್ ಅವರ ತತ್ವವೆಲ್ಲ ಎರಡು ಜರ್ಮನ್ ಪದಗಳ ಮೇಲೆ ನಿಂತಿದೆ: 'ನೊಖ್ ನಿಖ್ಟ್'. ಇಂಗ್ಲಿಷ್ ಮೂಲಕ ಬಂದರೆ ಅದು 'ನಾಟ್ ಯೆಟ್' ಆಗುತ್ತದೆ, ಮತ್ತು ಅರ್ಧ ಅರ್ಥ ಸೋರಿಹೋಗುತ್ತದೆ. ಜರ್ಮನಿನ 'ನೊಖ್' ಒಂದೇ ಪದ, ಎರಡು ಕೆಲಸ: 'ಅವನು ಇನ್ನೂ ಇದ್ದಾನೆ' ಎನ್ನುವಾಗಲೂ ಅದೇ, 'ಅವನು ಇನ್ನೂ ಬಂದಿಲ್ಲ' ಎನ್ನುವಾಗಲೂ ಅದೇ. ಇಂಗ್ಲಿಷಿನವರು ಇದಕ್ಕೆ ಎರಡು ಬೇರೆ ಪದ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ನಮಗೆ 'ಇನ್ನೂ' ಒಂದೇ. ಹಳೆಯದು ಉಳಿದಿರುವುದನ್ನೂ ಹೊಸದು ಬರಬೇಕಿರುವುದನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದ. ಬ್ಲೊಖ್ ಅವರನ್ನು ಓದಲು ಕನ್ನಡಿಗರು ಇಂಗ್ಲಿಷಿಗಿಂತ ಹತ್ತಿರದ ದಾರಿಯಲ್ಲಿದ್ದಾರೆ. ಇದನ್ನು ಬಳಗಕ್ಕೆ ಗಟ್ಟಿಯಾಗಿ ಹೇಳಿ, ಯಾಕೆಂದರೆ ಪಾಶ್ಚಾತ್ಯ ತತ್ವಶಾಸ್ತ್ರ ಅಂದ ಕೂಡಲೆ ನಮ್ಮ ಹುಡುಗರು ಹೆದರಿ ಹಿಂದಿನ ಸಾಲಿಗೆ ಹೋಗಿ ಕೂರುತ್ತಾರೆ.

ಹಲಗೆಯ ಮೇಲೆ ಎರಡು ವಾಕ್ಯ ಬರೆಯಿರಿ: 'ಬಸ್ ಬಂದಿಲ್ಲ.' 'ಬಸ್ ಇನ್ನೂ ಬಂದಿಲ್ಲ.' ಯಾವುದನ್ನು ಕೇಳಿದವರು ಸ್ಟ್ಯಾಂಡಿನಲ್ಲೇ ನಿಲ್ಲುತ್ತಾರೆ ಎಂದು ಕೇಳಿ. ಮೊದಲನೆಯದು ಬರೀ ಇಲ್ಲದಿರುವಿಕೆ. ಎರಡನೆಯದರಲ್ಲಿ ಇಲ್ಲದಿರುವುದೇ ಬರುವುದರ ಕಡೆಗೆ ಮುಖ ಮಾಡಿದೆ. ಲೋಕ ಮುಗಿದ ವಸ್ತುವಲ್ಲ, ಅದು ಎರಡನೆಯ ವಾಕ್ಯದ ಹಾಗೆ ಇದೆ ಎಂಬುದೇ ಬ್ಲೊಖ್ ಅವರ ವಾದ. ತರ್ಕದ ಭಾಷೆಯಲ್ಲಿ ಅವರು ಅದನ್ನು ಹೀಗೆ ಸೂತ್ರ ಮಾಡಿದರು: ಕರ್ತೃ ಇನ್ನೂ ತನ್ನ ವಿಧೇಯ (ವಾಕ್ಯದಲ್ಲಿ ಕರ್ತೃವಿನ ಬಗ್ಗೆ ಹೇಳಿದ್ದು) ಆಗಿಲ್ಲ. ಮನುಷ್ಯ ಇನ್ನೂ ಮನುಷ್ಯನಾಗಿಲ್ಲ ಎಂದರೆ ಅದೇ.

ಇದಾದ ಮೇಲೆ 1930ರ 'ಜಾಡುಗಳು' ಎಂಬ ಪುಸ್ತಕದ ಬಾಗಿಲಲ್ಲಿರುವ ಸಾಲುಗಳನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗೆ: 'ನಾನಿದ್ದೇನೆ. ಆದರೆ ನಾನು ನನಗೆ ದಕ್ಕಿಲ್ಲ. ಅದಕ್ಕೇ ನಾವು ಈಗಷ್ಟೇ ಆಗುತ್ತಿದ್ದೇವೆ.' ಇದಕ್ಕೆ ಇಪ್ಪತ್ತು ನಿಮಿಷ ಕೊಡಿ, ವಿವರಣೆ ಕೊಡಬೇಡಿ. ಮೂರನೆಯ ವಾಕ್ಯದಲ್ಲಿ 'ನಾನು' ಹೋಗಿ 'ನಾವು' ಬಂದಿದೆ ಎನ್ನುವುದನ್ನು ಯಾರಾದರೂ ಗುರುತಿಸುವ ತನಕ ಕಾಯಿರಿ. ಹತ್ತು ನಿಮಿಷ ಯಾರೂ ಮಾತಾಡದೆ ಇರಬಹುದು. ಮುಂದಾಳು ಇಲ್ಲಿ ತಾಳ್ಮೆಗೆಟ್ಟು ಉತ್ತರ ಹೇಳಿಬಿಟ್ಟರೆ ಬೈಠಕ್ ಅಲ್ಲಿಗೇ ಕ್ಲಾಸಾಗಿ ಹೋಗುತ್ತದೆ, ಮುಂದಿನ ವಾರ ಜನ ಉತ್ತರ ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ಬರುತ್ತಾರೆ.

ಚಹಾ ಆದ ಮೇಲೆ ಹಗಲುಗನಸಿನ ಅಭ್ಯಾಸ. ಕನ್ನಡದಲ್ಲಿ ಹಗಲುಗನಸು ಬೈಗುಳದ ಮಾತು. ಬ್ಲೊಖ್ ಅದನ್ನು ತತ್ವಶಾಸ್ತ್ರದ ಬಾಗಿಲಿಗೆ ತಂದರು. ರಾತ್ರಿಯ ಕನಸಿನಲ್ಲಿ ಕಾಣುವವನ ಕೈಲಿ ಲಗಾಮಿಲ್ಲ, ಅದು ಹಿಂದಿನದನ್ನೇ ವೇಷ ಹಾಕಿಸಿ ತೋರಿಸುತ್ತದೆ, ಬೇರೆಯವರಿಗೆ ಹೇಳಿದರೆ ಅರ್ಥ ಬಿಡಿಸಬೇಕು. ಹಗಲಿನ ಕನಸಿನಲ್ಲಿ ದಾರಿ ತೆರೆದಿರುತ್ತದೆ, 'ನಾನು' ಎಚ್ಚರವಾಗಿರುತ್ತದೆ, ಇತರರನ್ನೂ ಒಳಗೆ ಕರೆದುಕೊಳ್ಳಬಹುದು, ಕೊನೆ ಮುಟ್ಟುವ ತವಕ ಇರುತ್ತದೆ. ಮನೋವಿಶ್ಲೇಷಣೆಯ ಫ್ರಾಯ್ಡ್ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದು ತಪ್ಪು ಎಂದು ಅವರ ವಾದ.

ಪ್ರತಿಯೊಬ್ಬರಿಗೂ ಅರ್ಧ ಹಾಳೆ ಕೊಟ್ಟು 12 ನಿಮಿಷದಲ್ಲಿ ತಮ್ಮ ಒಂದು ಹಗಲುಗನಸು ಬರೆಯಲು ಹೇಳಿ. ಹೆಸರು ಬೇಡ. ಕನ್ನಡ, ದಖ್ಖನಿ, ಮರಾಠಿ, ತೆಲುಗು, ಯಾವುದರಲ್ಲಾದರೂ ಬರೆಯಲಿ. ಬೀದರಿನ ಬಳಗದಲ್ಲಿ ಇದು ಮುಖ್ಯ. ಹಾಳೆ ಕಲೆಸಿ, ಬೇರೆಯವರಿಂದ ಓದಿಸಿ. ಸರ್ಕಾರಿ ನೌಕರಿ, ಸೈಟು, ಕಾರು ಬರುತ್ತವೆ, ಬರಲಿ. 'ಗುಳೆ ಹೋಗದೆ ವರ್ಷಪೂರ್ತಿ ಊರಾಗೇ ಇರಬೇಕು' ಎಂಬಂಥದ್ದೂ ಬರುತ್ತದೆ. ಓದಿದ ಮೇಲೆ ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದರಲ್ಲಿ ಬಯಸಿದ್ದು ಈಗಾಗಲೇ ಲೋಕದಲ್ಲಿ ಇದ್ದು ನಮಗೆ ಸಿಕ್ಕಿಲ್ಲವೋ, ಅಥವಾ ಲೋಕದಲ್ಲೇ ಇನ್ನೂ ಇಲ್ಲವೋ? ಕಾರು ಮೊದಲನೆಯದು. ಯಾರೂ ಗುಳೆ ಹೋಗಬೇಕಿಲ್ಲದ ಯಾದಗಿರಿ ಎರಡನೆಯದು.

ಈ ಹೊತ್ತಿಗೆ ಹಿಂದಿನಿಂದ ಒಬ್ಬರು ಅಲ್ಲಮಪ್ರಭುಗಳ ಮಾತು ಎತ್ತುತ್ತಾರೆ: 'ಮನದ ಮುಂದಣ ಆಸೆಯೇ ಮಾಯೆ.' ನಮ್ಮ ಸೀಮೆಯಲ್ಲಿ ಆಸೆಯ ಪರ ಮಾತಾಡುವ ಯಾರಿಗೂ ಈ ವಚನ ಎದುರು ನಿಲ್ಲುತ್ತದೆ, ಮತ್ತು ನಿಲ್ಲಬೇಕು. ಇದಕ್ಕೆ ಹಾರಿಕೆಯ ಉತ್ತರ ಕೊಡಬೇಡಿ. ಬ್ಲೊಖ್ ಭಾವಗಳನ್ನು ಎರಡು ಜಾತಿ ಮಾಡುತ್ತಾರೆ: ತುಂಬಿದ ಭಾವ, ನಿರೀಕ್ಷೆಯ ಭಾವ. ಹೊಟ್ಟೆಕಿಚ್ಚು, ದುರಾಸೆ ಮೊದಲನೆಯ ಜಾತಿಗೆ ಸೇರಿದವು. ಅವುಗಳ ವಸ್ತು ಎದುರಿಗೇ ಇದೆ, ಕೈಗೆ ಬರಬೇಕಷ್ಟೆ. ಅಂಜಿಕೆ, ಭಯ, ಭರವಸೆ ಎರಡನೆಯ ಜಾತಿ. ಅವುಗಳ ವಸ್ತು ಇನ್ನೂ ಹುಟ್ಟಿಲ್ಲ. ಅಲ್ಲಮರು ಹೊನ್ನು, ಹೆಣ್ಣು, ಮಣ್ಣನ್ನು ಹೆಸರಿಸಿ ಆಮೇಲೆ ಆಸೆಗೆ ಬರುತ್ತಾರೆ. ಅದು ತುಂಬಿದ ಭಾವದ ಆಸೆ ಎಂದು ಓದಲು ದಾರಿ ಇದೆ. ಒಪ್ಪದವರು ಇರುತ್ತಾರೆ, ಆ ವಾದ ಈ ಬೈಠಕಿನ ಅತ್ಯುತ್ತಮ ಅರ್ಧಗಂಟೆ ಆಗುತ್ತದೆ.

ಪದದ ವಿಚಾರ ಇಲ್ಲೇ ತೀರ್ಮಾನಿಸಿಕೊಳ್ಳಿ. 'ಹೊಫ್‌ನುಂಗ್' ಎಂಬುದಕ್ಕೆ ಕನ್ನಡದಲ್ಲಿ ಯಾವುದು? 'ಆಸೆ'ಗೆ ಮೇಲಿನ ತೊಡಕಿದೆ. 'ಭರವಸೆ' ಕೊಡುವ ವಸ್ತುವೂ ಹೌದು, ಚುನಾವಣೆಯಲ್ಲಿ ಕೊಡುತ್ತಾರಲ್ಲ. ಬ್ಲೊಖ್ ಹೇಳುವುದರಲ್ಲಿ ಗ್ಯಾರಂಟಿ ಇಲ್ಲ. 'ನಿರೀಕ್ಷೆ' ತಣ್ಣಗಿದೆ. ನಮ್ಮ ಸಲಹೆ: 'ಭರವಸೆ'ಯನ್ನೇ ಬಳಸಿ, ಆದರೆ ಪ್ರತಿ ಬೈಠಕಿನಲ್ಲೂ ಒಮ್ಮೆ, ಇದು ಯಾರೂ ಕೊಟ್ಟದ್ದಲ್ಲ ಎಂದು ನೆನಪಿಸಿ. 'ಯುಟೋಪಿಯಾ'ವನ್ನು ಹಾಗೇ ಬಿಡಿ. ರಾಮರಾಜ್ಯ ಎಂದರೆ ಹಿಂದೆ ಒಮ್ಮೆ ಇದ್ದದ್ದು ಎಂಬ ಅರ್ಥ ಬರುತ್ತದೆ, ಬ್ಲೊಖ್ ಅವರದು ಎಂದೂ ಇರದಿದ್ದದ್ದು.

ಮೂರನೆಯ ಭಾನುವಾರ: ಪರದೇಶ, ಮತ್ತು ದೊಡ್ಡ ಪುಸ್ತಕ

1933ರಲ್ಲಿ ಹಿಟ್ಲರ್ ಬಂದ ಕೂಡಲೆ ಬ್ಲೊಖ್ ಸ್ವಿಟ್ಜರ್ಲೆಂಡಿಗೆ ಹೋದರು. ಆಮೇಲೆ ವಿಯೆನ್ನಾ, ಪ್ಯಾರಿಸ್, ಪ್ರಾಗ್. 1934ರಲ್ಲಿ ವಿಯೆನ್ನಾದಲ್ಲಿ, ಪೋಲೆಂಡಿನ ವುಚ್ ಊರಿನ ವಾಸ್ತುಶಿಲ್ಪಿ ಕರೋಲಾ ಪಿಯೋತ್ರ್ಕೋವ್ಸ್ಕಾ ಅವರನ್ನು ಮದುವೆಯಾದರು. 1937ರಲ್ಲಿ ಪ್ರಾಗ್‌ನಲ್ಲಿ ಮಗ ಯಾನ್ ಹುಟ್ಟಿದ. 1938ರಲ್ಲಿ ಅಮೆರಿಕ. ಅಲ್ಲಿ 11 ವರ್ಷ ಇದ್ದರೂ ಇಂಗ್ಲಿಷ್ ಕೈಹಿಡಿಯಲಿಲ್ಲ, ವಿಶ್ವವಿದ್ಯಾಲಯದ ಕೆಲಸ ಸಿಗಲಿಲ್ಲ. ಮನೆ ನಡೆಸಿದ್ದು ಕರೋಲಾ, ವಾಸ್ತುಶಿಲ್ಪದ ಕಚೇರಿಗಳಲ್ಲಿ ದುಡಿದು. ಬ್ಲೊಖ್ ಹಾರ್ವರ್ಡ್ ಗ್ರಂಥಾಲಯದಲ್ಲಿ ಕೂತು ಜರ್ಮನಿನಲ್ಲೇ, ಓದುವವರು ಯಾರೆಂದು ತಿಳಿಯದೆ, 'ಭರವಸೆಯ ತತ್ವ' ಬರೆದರು. ಮೊದಲಿಗೆ ಅದಕ್ಕೆ ಯೋಚಿಸಿದ್ದ ಹೆಸರು 'ಉತ್ತಮ ಬದುಕಿನ ಕನಸುಗಳು'. ಬ್ಲೊಖ್ ಕುರಿತ ಮಾತಿನಲ್ಲಿ ಕರೋಲಾ ಒಂದು ವಾಕ್ಯದಲ್ಲಿ ಬಂದುಹೋಗುವುದು ಸರಿಯಲ್ಲ. ಪಟ್ಟಿಯ 265ರಿಂದ 320ರವರೆಗೆ ಕೆಳಗೆ ಬೇರೆ ಬಣ್ಣದ ಗೆರೆ ಎಳೆದು ಅವರ ಹೆಸರು ಬರೆಯಿರಿ.

ಪುಸ್ತಕದಲ್ಲಿ ಐದು ಭಾಗ, 55 ಅಧ್ಯಾಯ. ಪೂರ್ವ ಜರ್ಮನಿಯಲ್ಲಿ ಸಂಪುಟಗಳು 1954, 1955, 1959ರಲ್ಲಿ ಬಂದವು, ಪಶ್ಚಿಮದಲ್ಲಿ 1959ರಲ್ಲಿ. ಇಂಗ್ಲಿಷ್ ಅನುವಾದ 1986ರಲ್ಲಿ, ಮೂರು ಸಂಪುಟ, ಸುಮಾರು 1400 ಪುಟ. ಇದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತೇವೆ ಎಂದು ಹೊರಟ ಬಳಗಗಳು ಎರಡನೆಯ ಭಾಗದಲ್ಲಿ, ಅಂದರೆ 9ರಿಂದ 22ರವರೆಗಿನ ಅಧ್ಯಾಯಗಳಲ್ಲಿ ಮುರಿದುಬೀಳುತ್ತವೆ. ಅದು ತತ್ವದ ಅಡಿಪಾಯ, ಅತಿ ಬಿಗಿಯಾದ ಗದ್ಯ. ಹೀಗೆ ಮಾಡಿ: ಮುನ್ನುಡಿ ಓದಿ, ಅದು ನಾವು ಯಾರು, ಎಲ್ಲಿಂದ ಬಂದೆವು, ಎಲ್ಲಿಗೆ ಹೊರಟಿದ್ದೇವೆ, ಏನನ್ನು ಕಾಯುತ್ತಿದ್ದೇವೆ, ನಮ್ಮನ್ನು ಏನು ಕಾಯುತ್ತಿದೆ ಎಂಬ ಐದು ಪ್ರಶ್ನೆಯಿಂದ ಶುರುವಾಗುತ್ತದೆ. ಆಮೇಲೆ ಮೊದಲ ಭಾಗದ ಎಂಟು ಪುಟ್ಟ ಅಧ್ಯಾಯ. ಮಗು, ಹದಿಹರೆಯ, ನಡುವಯಸ್ಸು, ಮುಪ್ಪು ಹೀಗೆ ವಯಸ್ಸಿಗೆ ತಕ್ಕ ಕನಸುಗಳು ಅಲ್ಲಿವೆ. ಅಲ್ಲಿಂದ ನೇರ ಮೂರನೆಯ ಭಾಗಕ್ಕೆ (23ರಿಂದ 32) ಜಿಗಿಯಿರಿ: ಅಂಗಡಿಯ ಗಾಜಿನ ಕಪಾಟು, ಜಾತ್ರೆ, ಸರ್ಕಸ್ಸು, ಕಟ್ಟುಕತೆ, ಕುಣಿತ, ಸಿನಿಮಾ. ಶರಣಬಸವೇಶ್ವರ ಜಾತ್ರೆ ನೋಡಿದವರಿಗೆ ಜಾತ್ರೆಯ ಪುಟಗಳಿಗೆ ಟಿಪ್ಪಣಿ ಬೇಕಾಗುವುದಿಲ್ಲ. ಎರಡನೆಯ ಭಾಗಕ್ಕೆ ಬೇಕಿದ್ದವರು ಆಮೇಲೆ ಮರಳಲಿ.

ಇದೇ ಬೈಠಕಿನಲ್ಲಿ 260 ಸೆಂ.ಮೀ.ಗೆ ಒಂದು ಕಪ್ಪು ಗುರುತು ಹಾಕಬೇಕು. 1937. ಸ್ಟಾಲಿನ್ ಮಾಸ್ಕೋದಲ್ಲಿ ತನ್ನ ಹಳೆಯ ಸಂಗಾತಿಗಳ ಮೇಲೆ ನಡೆಸಿದ ಸುಳ್ಳು ವಿಚಾರಣೆಗಳನ್ನು ಬ್ಲೊಖ್ ಸಮರ್ಥಿಸಿ ಬರೆದರು. ಅಭಿಮಾನದಿಂದ ಇದನ್ನು ಮುಚ್ಚಬೇಡಿ, 'ಆ ಕಾಲವೇ ಹಾಗಿತ್ತು' ಎಂದು ತೇಲಿಸಲೂಬೇಡಿ. ಅದೇ ಕಾಲದಲ್ಲಿ ಆ ವಿಚಾರಣೆಗಳನ್ನು ಖಂಡಿಸಿದ ಎಡಪಂಥೀಯರೂ ಇದ್ದರು. ಭರವಸೆ ಒಂದು ರಾಜ್ಯಕ್ಕೆ, ಒಬ್ಬ ನಾಯಕನಿಗೆ ಅಂಟಿಕೊಂಡಾಗ ಕಣ್ಣು ಹೇಗೆ ಮಂಜಾಗುತ್ತದೆ ಎನ್ನುವುದು ಬ್ಲೊಖ್ ಅವರ ಬದುಕಿನಿಂದಲೇ ಕಲಿಯಬೇಕಾದ ಪಾಠ. ಇದನ್ನು ಬಿಟ್ಟರೆ ನಾಲ್ಕನೆಯ ವಾರದ ಮಾತು ಅರ್ಥವಾಗುವುದಿಲ್ಲ.

ಇನ್ನೊಂದು ತಪ್ಪು ದಾರಿಯೂ ಇಲ್ಲೇ ತೆರೆದುಕೊಳ್ಳುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕೋಚಿಂಗ್ ಕ್ಲಾಸುಗಳಲ್ಲಿ 'ಪಾಸಿಟಿವ್ ಆಗಿರಿ' ಎಂಬ ಉಪದೇಶ ಕೇಳಿ ಕೇಳಿ ಬಂದಿರುತ್ತಾರೆ. ಬ್ಲೊಖ್ ಅವರನ್ನೂ ಹಾಗೇ ತಿಳಿಯುತ್ತಾರೆ. ಆ ಉಪದೇಶ ಲೋಕವನ್ನು ಇದ್ದ ಹಾಗೇ ಬಿಟ್ಟು ಮನಸ್ಸನ್ನು ತಿದ್ದಿಕೋ ಎನ್ನುತ್ತದೆ. ಬ್ಲೊಖ್ ಅವರಲ್ಲಿ ಮಾರ್ಕ್ಸ್‌ವಾದಕ್ಕೆ ಎರಡು ಹರಿವು: ತಣ್ಣನೆಯದು, ಪರಿಸ್ಥಿತಿಯನ್ನು ಲೆಕ್ಕ ಹಾಕಿ ನೋಡುವುದು, ಬೆಚ್ಚನೆಯದು, ಎಲ್ಲಿಗೆ ಹೋಗಬೇಕೆಂಬ ಹಂಬಲ. ತಣ್ಣನೆಯದು ಬಿಟ್ಟರೆ ಕನಸು ಗಾಳಿಗೆ ಹೋಗುತ್ತದೆ, ಬೆಚ್ಚನೆಯದು ಬಿಟ್ಟರೆ ಲೆಕ್ಕಕ್ಕೆ ಅರ್ಥವಿಲ್ಲ. ಎರಡೂ ಕೂಡಿದ್ದನ್ನೇ ಅವರು ಮೂರ್ತ ಯುಟೋಪಿಯಾ ಎಂದರು, ಕಲಿತ ಭರವಸೆ ಎಂದರು.

ಬೀದರಿನವರು ಈ ವಾರಕ್ಕೆ ಒಂದು ಸಣ್ಣ ಪುಸ್ತಕ ಸೇರಿಸಿಕೊಳ್ಳಬಹುದು: 1952ರ 'ಇಬ್ನ್ ಸಿನಾ ಮತ್ತು ಅರಿಸ್ಟಾಟಲನ ಎಡಪಂಥ'. ಜಡವಸ್ತು ಹೊರಗಿನಿಂದ ರೂಪ ಕೊಡಿಸಿಕೊಳ್ಳುವ ಬರೀ ಮಣ್ಣಲ್ಲ, ರೂಪಗಳನ್ನು ಬಸಿರಲ್ಲಿ ಹೊತ್ತ ತಾಯಿ ಎಂಬ ವಿಚಾರವನ್ನು ಬ್ಲೊಖ್ ಮಧ್ಯಯುಗದ ಮುಸ್ಲಿಂ ತತ್ವಜ್ಞಾನಿಗಳಾದ ಇಬ್ನ್ ಸಿನಾ, ಇಬ್ನ್ ರುಶ್ದ್ ಅವರಲ್ಲಿ ಕಂಡರು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಕಣ್ಣೆದುರಿಗಿರುವ ಊರಿನಲ್ಲಿ ಇಬ್ನ್ ಸಿನಾ ಹೆಸರು ಹೊರಗಿನದಲ್ಲ. ಅದರ ನೀಲಿ ಹೆಂಚಿನ ಗೋಡೆಯ ಹತ್ತಿರ ಕೂತು ಹತ್ತು ಪುಟ ಓದಿದರೂ, ಜರ್ಮನ್ ತತ್ವಶಾಸ್ತ್ರ ಬರೀ ಜರ್ಮನಿಯದಲ್ಲ ಎನ್ನುವುದು ಗೊತ್ತಾಗುತ್ತದೆ.

ನಾಲ್ಕನೆಯ ಭಾನುವಾರ: ಲೈಪ್ಸಿಗ್, ಟ್ಯೂಬಿಂಗೆನ್

1949ರಲ್ಲಿ ಪೂರ್ವ ಜರ್ಮನಿಯ ಲೈಪ್ಸಿಗ್‌ಗೆ ಬಂದರು. 1955ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ಪ್ರಶಸ್ತಿ ಕೊಟ್ಟಿತು. 1956ರಲ್ಲಿ ಹಂಗೇರಿಯ ಜನ ದಂಗೆ ಎದ್ದರು. ಆ ವರ್ಷವೇ, ಬ್ಲೊಖ್ ಜೊತೆ ತತ್ವಶಾಸ್ತ್ರದ ಪತ್ರಿಕೆ ನಡೆಸುತ್ತಿದ್ದ ವೋಲ್ಫ್‌ಗಾಂಗ್ ಹಾರಿಖ್ ಬಂಧನವಾಯಿತು. 1957ರಲ್ಲಿ ಬ್ಲೊಖ್ ಅವರನ್ನು ಕಡ್ಡಾಯವಾಗಿ ಮನೆಗೆ ಕಳಿಸಿದರು. ಪ್ರಶಸ್ತಿಗೂ ಹೊರದಬ್ಬಿದ್ದಕ್ಕೂ ನಡುವೆ ಪಟ್ಟಿಯ ಮೇಲೆ 10 ಸೆಂ.ಮೀ., ಒಂದು ಅಂಗೈ ಅಗಲ. 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಾಗ ಅವರು ಪಶ್ಚಿಮದಲ್ಲಿದ್ದರು, ಹಿಂತಿರುಗಲಿಲ್ಲ. 76ನೆಯ ವಯಸ್ಸಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಅತಿಥಿ ಪ್ರಾಧ್ಯಾಪಕರು. 1967ರಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪುರಸ್ಕಾರ. 1968ರ ವಿದ್ಯಾರ್ಥಿ ಚಳವಳಿಯ ರೂಡಿ ದುಚ್ಕೆ ಅವರಿಗೆ ಗೆಳೆಯ. ಕ್ರೈಸ್ತ ದೇವಶಾಸ್ತ್ರಜ್ಞ ಯುರ್ಗೆನ್ ಮೊಲ್ಟ್‌ಮನ್ 1964ರಲ್ಲಿ ಬರೆದ ಭರವಸೆಯ ದೇವಶಾಸ್ತ್ರದ ಹಿಂದೆ ಈ ನಾಸ್ತಿಕನ ಪುಸ್ತಕ ಇತ್ತು. ಕೊನೆಯ ವರ್ಷಗಳಲ್ಲಿ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ; 1975ರ ಕೊನೆಯ ದೊಡ್ಡ ಕೃತಿಯನ್ನು ಸಹಾಯಕರ ನೆರವಿನಿಂದ ಮುಗಿಸಿದರು.

ಇಷ್ಟನ್ನು ಕಾಲುಗಂಟೆಯಲ್ಲಿ ಹೇಳಿ, ಉಳಿದ ಹೊತ್ತನ್ನು ಒಂದೇ ಪ್ರಶ್ನೆಗೆ ಇಡಿ. 1961ರ ನವೆಂಬರಿನಲ್ಲಿ ಟ್ಯೂಬಿಂಗೆನ್‌ನ ಮೊದಲ ಉಪನ್ಯಾಸಕ್ಕೆ ಅವರು ಇಟ್ಟ ಹೆಸರು: 'ಭರವಸೆ ಹುಸಿಯಾಗಬಲ್ಲುದೇ?' ಲೈಪ್ಸಿಗ್‌ನಿಂದ ಹೊರಬಿದ್ದ ಮನುಷ್ಯ, ಮೂರು ತಿಂಗಳ ಹಿಂದೆ ಎದ್ದ ಗೋಡೆ. ಕೇಳುವವರೆಲ್ಲ 'ಹುಸಿಯಾಯಿತಲ್ಲ' ಎನ್ನುವ ಮುಖ ಹೊತ್ತು ಕೂತಿದ್ದಿರಬೇಕು. ಅವರ ಉತ್ತರ: ಹೌದು, ಹುಸಿಯಾಗಬಲ್ಲುದು, ಹುಸಿಯಾಗಲು ಬರಲೇಬೇಕು, ಇಲ್ಲದಿದ್ದರೆ ಅದು ಭರವಸೆಯೇ ಅಲ್ಲ, ಖಾತ್ರಿ ಇದ್ದದ್ದು ಭರವಸೆಯಲ್ಲ. ಮೊದಲ ವಾರ ಹಲಗೆಯ ಮೂಲೆಯಲ್ಲಿ ಬರೆದಿಟ್ಟ ಸಾಲನ್ನೂ, 260ರ ಕಪ್ಪು ಗುರುತನ್ನೂ ಈಗ ಒಟ್ಟಿಗೆ ತೋರಿಸಿ. 1937ರಲ್ಲಿ ಅವರು ಭರವಸೆಯನ್ನು ಖಾತ್ರಿ ಎಂದುಕೊಂಡಿದ್ದರೇ? ಬಳಗ ವಾದಿಸಲಿ. ಇಬ್ಬರು ಮೂವರೇ ಮಾತಾಡುತ್ತಿದ್ದರೆ ಪ್ರತಿಯೊಬ್ಬರಿಗೂ ಎರಡು ನಿಮಿಷ ಎಂದು ಗಡಿಯಾರ ಇಡಿ. ಹೆಣ್ಣುಮಕ್ಕಳಿಂದ ಶುರುಮಾಡಿ, ಇಲ್ಲದಿದ್ದರೆ ಕೊನೆಗೆ ಅವರಿಗೆ ಹೊತ್ತು ಉಳಿಯುವುದಿಲ್ಲ.

ಕಡೆಯ ಕೆಲಸ 'ಭರವಸೆಯ ತತ್ವ'ದ ಕಡೆಯ ವಾಕ್ಯ. ಮನುಷ್ಯ ದುಡಿಯುವ, ಸೃಷ್ಟಿಸುವ ತನ್ನನ್ನು ತಾನು ಗುರುತಿಸಿಕೊಂಡು, ತನ್ನದನ್ನು ನಿಜವಾದ ಪ್ರಜಾಪ್ರಭುತ್ವದಲ್ಲಿ ಸ್ಥಾಪಿಸಿದಾಗ ಲೋಕದಲ್ಲಿ ಒಂದು ಹುಟ್ಟುತ್ತದೆ; ಅದು ಎಲ್ಲರ ಬಾಲ್ಯದೊಳಗೆ ಬೆಳಕು ಬೀರುವಂಥದ್ದು, ಆದರೆ ಅಲ್ಲಿ ಇದುವರೆಗೆ ಯಾರೂ ಇದ್ದಿಲ್ಲ: 'ಹೈಮಾಟ್'. ತನ್ನದೆನ್ನುವ ಜಾಗ ಎಂಬರ್ಥದ ಆ ಒಂದೇ ಪದದೊಂದಿಗೆ ಇಡೀ ಗ್ರಂಥ ಮುಗಿಯುತ್ತದೆ. ನೆತ್ತರು, ನೆಲ ಎಂದು ಕೂಗಿ ಬ್ಲೊಖ್ ಅವರಂಥವರನ್ನು ಓಡಿಸಿದ ನಾಜಿಗಳು ಇದೇ ಪದವನ್ನು ಬಳಸಿದ್ದರು. ಓಡಿಸಿಕೊಂಡವರು ಅದನ್ನು ಅವರಿಗೆ ಬಿಟ್ಟುಕೊಡದೆ ಹಿಂದಿನಿಂದ ಎತ್ತಿ ಮುಂದಕ್ಕೆ ಇಟ್ಟರು.

ಇದಕ್ಕೆ ಕನ್ನಡ ಹುಡುಕುವುದೇ ಕೊನೆಯ ಅಭ್ಯಾಸ. ಹಲಗೆಯ ಮೇಲೆ ಮೂರು ಮನೆ ಮಾಡಿ: ತವರು, ಊರು, ನೆಲೆ. ತವರಿನಲ್ಲಿ ಬಾಲ್ಯದ ಬೆಳಕಿದೆ, ಆದರೆ ಅಲ್ಲಿ ಇದ್ದು ಬಂದಾಗಿದೆ, ಗಂಡಸಿಗೆ ಅದು ಇಲ್ಲವೇ ಇಲ್ಲ. ನೆಲೆಯಲ್ಲಿ ಮುಂದೆ ಸಿಗಬೇಕಾದದ್ದು ಎಂಬ ಅರ್ಥವಿದೆ, ಬಾಲ್ಯ ಇಲ್ಲ. ಊರು ದಿನಬಳಕೆಯದು, 'ಯಾವೂರ್ರಿ ನಿಮ್ದು?' ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಊರು, ಗುಳೆ ಹೋದವರು ಪುಣೆಯ ಶೆಡ್ಡಿನಲ್ಲಿ ನೆನೆಯುವ ಊರು, ಮತ್ತು ಕೆಲವರಿಗೆ ಕೇರಿಯೊಳಗೇ ನಿಲ್ಲಿಸಿ ಒಳಗೆ ಬಿಡದ ಊರು. ಎರಡನೆಯ ವಾರದ ಅರ್ಧ ಹಾಳೆಗಳನ್ನು ಮತ್ತೆ ಹಂಚಿ, ಪ್ರತಿಯೊಬ್ಬರೂ ತಮ್ಮ ಕೈಗೆ ಬಂದ ಕನಸು ಯಾವ ಪದಕ್ಕೆ ಸೇರುತ್ತದೆ ಎಂದು ಆ ಮನೆಯಲ್ಲಿ ಅಂಟಿಸಲಿ. ಕೈಯೆತ್ತಿಸಿ ಬಹುಮತ ಎಣಿಸಬೇಡಿ. ಯಾವ ಮನೆಗೂ ಸೇರದ ಹಾಳೆ ಇದ್ದರೆ ಹಲಗೆಯ ಹೊರಗೆ, ಗೋಡೆಯ ಪಟ್ಟಿಯಲ್ಲಿ 460ರ ಆಚೆಗೆ ಅಂಟಿಸಿ.